ಎಂತ ಆಡ್ತಾ ಇದ್ದೀರಿ? ಆಡುತ್ತಿರುವ ಗೇಮಿನ ಬಗ್ಗೆ ಇನ್ನೊಬ್ಬರಿಗೆ ಹೇಳುವ ಬಗೆ

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯ ಯಾಂತ್ರೀಕೃತ ಮೀನುಗಾರಿಕೆ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ತಾಗಿಕೊಂಡು ನಿಂತಿರುತ್ತವೆ. ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವ ನನಗೆ ಆ ದಿನಗಳಲ್ಲಿ ಸಂಜೆ ಐದಕ್ಕೆಲ್ಲ ಕೆಲಸ ಮುಗಿಯುತ್ತದೆ. ಹೊರಗೆ ಬಿಡದೆ ಸುರಿಯುವ ಮಳೆ. ಹಾಗಾಗಿ ಆ ಎರಡು ತಿಂಗಳು ಪ್ರತಿ ಆದಿತ್ಯವಾರ ನಾವು ಆರು ಜನ ನಮ್ಮ ಮನೆಯ ಚಾವಡಿಯಲ್ಲಿ ಸೇರುತ್ತೇವೆ. ಚಹಾ, ಗೋಳಿಬಜೆ, ಮತ್ತೆ ಒಂದೇ ಪ್ರಶ್ನೆ: ಎಂತ ಆಡ್ತಾ ಇದ್ದೀರಿ?

ಮೊದಲ ವರ್ಷ ಈ ಪ್ರಶ್ನೆಗೆ ಬಂದ ಉತ್ತರಗಳು ಹೀಗಿದ್ದವು. ಸೂಪರ್ ಉಂಟು. ಗ್ರಾಫಿಕ್ಸ್ ಭಯಂಕರ. ಸ್ಟೋರಿ ಸ್ವಲ್ಪ ಬೋರು. ಹತ್ತಕ್ಕೆ ಎಂಟು ಕೊಡಬಹುದು. ಎರಡು ಗಂಟೆ ಮಾತಾಡಿದರೂ ಯಾರು ಆಡಿದ ಗೇಮು ಹೇಗಿದೆ ಎಂದು ಯಾರಿಗೂ ಗೊತ್ತಾಗಲಿಲ್ಲ. ಈಗ ನಮ್ಮಲ್ಲಿ ಒಂದು ಕ್ರಮ ಬಂದಿದೆ. ನಿಮ್ಮ ಮನೆಯಲ್ಲೋ, ಹಾಸ್ಟೆಲಿನಲ್ಲೋ ನಾಲ್ಕು ಜನ ಗೇಮ್ ಆಡುವವರಿದ್ದರೆ ಇದನ್ನು ಮಾಡಿ ನೋಡಿ.

ಮೊದಲು ಒಂದು ಪುಸ್ತಕ ಇಟ್ಟುಕೊಳ್ಳಿ. ಮೊಬೈಲಿನ ನೋಟ್ಸ್ ಬೇಡ. ಅದನ್ನು ತೆರೆದರೆ ವಾಟ್ಸಾಪ್ ನೋಡುತ್ತೀರಿ, ಬರೆಯಬೇಕೆಂದಿದ್ದದ್ದು ಮರೆತುಹೋಗುತ್ತದೆ. ನನ್ನದು ಐಸ್ ಲೋಡಿನ ಲೆಕ್ಕಕ್ಕೆ ಬಳಸುವಂಥದ್ದೇ ಉದ್ದದ ಪುಸ್ತಕ. ಆಟ ನಿಲ್ಲಿಸಿದ ಕೂಡಲೇ, ಕಂಟ್ರೋಲರ್ ಕೆಳಗಿಡುವ ಮೊದಲೇ, ಎರಡು ಸಾಲು ಬರೆಯಬೇಕು. ಎಲ್ಲಿ ನಿಲ್ಲಿಸಿದೆ, ಯಾಕೆ ನಿಲ್ಲಿಸಿದೆ, ಅಷ್ಟೇ. ಎರಡನೆಯದು ಮುಖ್ಯ. ಊಟಕ್ಕೆ ಕರೆದರು ಎಂದು ನಿಲ್ಲಿಸುವುದಕ್ಕೂ, ಅದೇ ಓಣಿಯಲ್ಲಿ ಏಳನೇ ಸಲ ಸತ್ತು ನಿಲ್ಲಿಸುವುದಕ್ಕೂ, ಇನ್ನು ಆಡಿದರೆ ನಾಳೆಗೆ ಏನೂ ಉಳಿಯುವುದಿಲ್ಲ ಎಂದು ಆಸೆಯಿಂದ ನಿಲ್ಲಿಸುವುದಕ್ಕೂ ಬಹಳ ವ್ಯತ್ಯಾಸ ಉಂಟು. ಮೂರು ವಾರದ ಸಾಲುಗಳನ್ನು ಒಟ್ಟಿಗೆ ಓದಿದರೆ ಗೇಮು ನಿಮಗೆ ಏನು ಮಾಡುತ್ತಿದೆ ಎಂದು ಅಲ್ಲೇ ಕಾಣುತ್ತದೆ.

ಪ್ರತಿ ಸಾಲಿನ ಪಕ್ಕ ಅದುವರೆಗೆ ಎಷ್ಟು ಗಂಟೆ ಆಡಿದ್ದೀರಿ ಎಂದು ಬರೆಯಿರಿ. ಇದನ್ನು ನಾನು ಕಲಿತದ್ದು ನನ್ನಿಂದಾದ ಒಂದು ತಪ್ಪಿನಿಂದ. ಎರಡು ವರ್ಷದ ಹಿಂದೆ ಒಂದು ಗೇಮನ್ನು ಒಂದೂವರೆ ಗಂಟೆ ಆಡಿ, ಆ ಸಂಭ್ರಮದಲ್ಲೇ ಗೆಳತಿಗೆ ಫೋನ್ ಮಾಡಿ ತೆಗೆದುಕೋ ಎಂದು ಹೇಳಿದೆ. ಅವಳು ಹೊಲಿಗೆ ಮಾಡಿ ಕೂಡಿಟ್ಟ ದುಡ್ಡಿನಲ್ಲಿ ತೆಗೆದುಕೊಂಡಳು. ಇಪ್ಪತ್ತು ಗಂಟೆ ಆಗುವ ಹೊತ್ತಿಗೆ ಆ ಗೇಮಿನಲ್ಲಿ ಹೊಸದೇನೂ ಉಳಿದಿರಲಿಲ್ಲ. ಅದೇ ಶಿಬಿರ, ಅದೇ ಕಾವಲುಗಾರ, ಅದೇ ಪೆಟ್ಟಿಗೆ. ಅವಳು ಒಂದು ಮಾತೂ ಆಡಲಿಲ್ಲ, ನನಗೆ ಮಾತ್ರ ಇವತ್ತಿಗೂ ಬೇಜಾರಿದೆ. ಒಂದೂವರೆ ಗಂಟೆ ಆಡಿದವಳು ಒಂದೂವರೆ ಗಂಟೆಯ ಮಾತನ್ನಷ್ಟೇ ಹೇಳಬೇಕಿತ್ತು. ಈಗ ನಮ್ಮ ಚಾವಡಿಯಲ್ಲಿ ಗಂಟೆ ಹೇಳದೆ ಅಭಿಪ್ರಾಯ ಹೇಳುವಂತಿಲ್ಲ.

ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ತೆಗೆದುಕೊಂಡವರಿಗೆ ಇದರಿಂದ ಇನ್ನೊಂದು ಉಪಯೋಗ ಉಂಟು. ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಗಂಟೆ ಬರೆದಿಡುವವರಿಗೆ ಈ ಗಡಿ ತಪ್ಪುವುದಿಲ್ಲ.

ಇನ್ನು ಹೇಳುವ ವಿಚಾರ. ಕಥೆಯಿಂದ ಶುರು ಮಾಡಬೇಡಿ. ಈ ಗೇಮಿನಲ್ಲಿ ನೀವು ಏನು ಮಾಡುತ್ತೀರಿ ಎಂಬಲ್ಲಿಂದ ಶುರು ಮಾಡಿ. ಓಡುವುದೋ, ಅಡಗುವುದೋ, ಜೋಡಿಸುವುದೋ, ಕಾಯುವುದೋ?

ನಾನು ಈಗ ಆಡುತ್ತಿರುವುದು ಡ್ರೆಡ್ಜ್. ನ್ಯೂಜಿಲೆಂಡಿನ ಬ್ಲ್ಯಾಕ್ ಸಾಲ್ಟ್ ಗೇಮ್ಸ್ ಎಂಬ ಸಣ್ಣ ತಂಡ ಮಾಡಿ 2023ರಲ್ಲಿ ಹೊರತಂದದ್ದು. "ಭಯದ ಗೇಮು, ಮೀನುಗಾರನ ಕಥೆ" ಎಂದರೆ ಕೇಳಿದವರಿಗೆ ಏನೂ ಸಿಗುವುದಿಲ್ಲ. ನಾನು ಹೀಗೆ ಹೇಳುತ್ತೇನೆ: ಸಾಲದಲ್ಲಿ ಸಿಕ್ಕಿದ ಒಂದು ಸಣ್ಣ ಬೋಟು ಉಂಟು. ಬೆಳಿಗ್ಗೆ ಹೋಗಿ ಮೀನು ಹಿಡಿಯುತ್ತೇನೆ. ಒಂದೊಂದು ಜಾತಿಯ ಮೀನಿಗೆ ಒಂದೊಂದು ಆಕಾರ. ಅದನ್ನು ತಿರುಗಿಸಿ ತಿರುಗಿಸಿ ಬೋಟಿನ ಚೌಕುಳಿ ಮನೆಗಳಲ್ಲಿ ಜಾಗ ಬಿಡದೆ ತುಂಬುತ್ತೇನೆ. ಬೋಟು ನಿಂತಿದ್ದರೆ ಗಡಿಯಾರವೂ ನಿಲ್ಲುತ್ತದೆ, ಚಲಿಸಿದರೆ ಅಥವಾ ಮೀನು ಹಿಡಿದರೆ ಮಾತ್ರ ಹೊತ್ತು ಹೋಗುತ್ತದೆ. ಹಾಗಾಗಿ ಇನ್ನೊಂದು ಮೀನು ಹಿಡಿಯಲೋ, ದಡಕ್ಕೆ ತಿರುಗಲೋ ಎಂಬುದೇ ಇಡೀ ದಿನದ ಲೆಕ್ಕ. ಕತ್ತಲಾದ ಮೇಲೆ ಕಡಲಲ್ಲಿದ್ದರೆ ಮೇಲೆ ಒಂದು ಕಣ್ಣು ತೆರೆದುಕೊಳ್ಳುತ್ತದೆ, ಇಲ್ಲದ್ದೆಲ್ಲ ಕಾಣಲು ಶುರುವಾಗುತ್ತದೆ. ಇಷ್ಟು ಹೇಳಿದರೆ ಕೇಳಿದವರಿಗೆ ಇದು ತಮ್ಮ ಕೈಗೆ ಆಗುವಂಥದ್ದೋ ಅಲ್ಲವೋ ಎಂದು ತಿಳಿಯುತ್ತದೆ.

ಒಂದೇ ಒಂದು ಸಲಹೆ ಕೊಡು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನು: ಆ ಗೇಮಿನಲ್ಲಿರುವ ಕೆಲಸವನ್ನು ನಿಜವಾಗಿ ಮಾಡುವವರ ಕೈಗೆ ಅರ್ಧ ಗಂಟೆ ಕಂಟ್ರೋಲರ್ ಕೊಡಿ.

ನನ್ನ ಸೋದರಮಾವ ಮೂವತ್ತು ವರ್ಷದಿಂದ ಬೋಟಿನಲ್ಲಿರುವವರು. ರಜೆಯಲ್ಲಿ ಬಲೆ ಸರಿ ಮಾಡಿ ಮುಗಿದ ಮೇಲೆ ನಮ್ಮಲ್ಲಿ ಬಂದು ಕೂರುತ್ತಾರೆ. ಅವರಿಗೆ ಡ್ರೆಡ್ಜ್ ಕೊಟ್ಟೆ. ಯಾವ ಗುಂಡಿ ಯಾವುದಕ್ಕೆ ಎಂದು ಒಂದು ಸಲ ತೋರಿಸಿ ಸುಮ್ಮನೆ ಕೂತೆ. (ಸುಮ್ಮನೆ ಕೂರಲೇಬೇಕು. ಪಕ್ಕದಿಂದ ಹೇಳಿಕೊಟ್ಟರೆ ನಿಮ್ಮ ಅಭಿಪ್ರಾಯವೇ ಅವರ ಬಾಯಲ್ಲಿ ಬರುತ್ತದೆ.) ಮಾವ ಎರಡು ಹೆಬ್ಬೆರಳನ್ನೂ ಗಟ್ಟಿ ಒತ್ತಿ ಹಿಡಿದರು, ಹಗ್ಗ ಹಿಡಿದ ಹಾಗೆ. ದಡ ಕಂಡ ಕೂಡಲೇ, ಇನ್ನೂ ಬಹಳ ದೂರ ಇರುವಾಗಲೇ, ಕೈ ಸಡಿಲಿಸಿದರು. ನಿಜವಾದ ಬೋಟು ಆದರೆ ಎಂಜಿನ್ ಇಳಿಸಿದ ಮೇಲೂ ತೇಲುತ್ತಾ ಬಂದು ಧಕ್ಕೆಗೆ ಮೆಲ್ಲ ತಾಗುತ್ತದೆ. ಇಲ್ಲಿ ಅದು ಅರ್ಧದಲ್ಲೇ ನಿಂತಿತು. ಮಾವ ಪರದೆಯನ್ನು ನೋಡಿದರು, ಮತ್ತೆ ಒತ್ತಿದರು, ಮತ್ತೆ ಸಡಿಲಿಸಿದರು. "ಇದಕ್ಕೆ ಭಾರವೇ ಇಲ್ಲ" ಎಂದರು. ನಾನು ಹನ್ನೆರಡು ಗಂಟೆ ಆಡಿದ್ದೆ, ಇದು ನನಗೆ ಹೊಳೆದಿರಲಿಲ್ಲ.

ಆಮೇಲೆ ಹಿಡಿದ ಮೀನು ಹಾಳಾಗಲು ಶುರುವಾಯಿತು. ಆ ಗೇಮಿನಲ್ಲಿ ಮೀನು ಹಾಗೇ ಇಟ್ಟರೆ ಹಳಸುತ್ತದೆ, ಕೊಳೆಯುತ್ತದೆ, ಬೆಲೆ ಇಳಿಯುತ್ತದೆ. ಮಾವ ನನ್ನ ಕಡೆ ತಿರುಗಿ ಕೇಳಿದರು: "ಐಸ್ ಓಲುಂಡು?" ಐಸ್ ಪ್ಲಾಂಟಿನಲ್ಲಿ ಕೆಲಸ ಮಾಡುವ ನಾನು ಐಸ್ ಎಲ್ಲಿದೆ ಎಂದು ಒಂದು ಸಲವೂ ಕೇಳಿಕೊಂಡಿರಲಿಲ್ಲ. ಮೂಲ ಆಟದಲ್ಲಿ ಐಸ್ ಇಲ್ಲ, ಮತ್ತು ಇಲ್ಲದಿರುವುದರಿಂದಲೇ ಆ ಗೇಮು ನಡೆಯುತ್ತದೆ. ಐಸ್ ಇದ್ದಿದ್ದರೆ ನಾಲ್ಕು ದಿನ ಕಡಲಲ್ಲೇ ಇರಬಹುದಿತ್ತು, ದಡಕ್ಕೆ ಓಡುವ ಆತಂಕವೇ ಇರುತ್ತಿರಲಿಲ್ಲ. ಆ ದಿನ ಪುಸ್ತಕದಲ್ಲಿ ನಾನು ಬರೆದದ್ದು: "12 ಗಂಟೆ. ಈ ಗೇಮಿನ ಭಯ ದೆವ್ವದ್ದಲ್ಲ, ಐಸ್ ಇಲ್ಲದ್ದರದ್ದು."

ಕಂಟ್ರೋಲರ್ ಕೊಡುವಾಗ ಬೇರೆ ಸ್ಲಾಟಿನಲ್ಲಿ ಹೊಸ ಆಟ ಶುರು ಮಾಡಿ ಕೊಡಿ. ನಿಮ್ಮ ಸೇವ್ ಉಳಿಯುತ್ತದೆ, ಅವರಿಗೂ ಹಾಳಾಗುತ್ತದೆ ಎಂಬ ಹೆದರಿಕೆ ಇರುವುದಿಲ್ಲ.

ಬೇರೆಯವರಿಂದ ಮಾತು ಹೊರಡಿಸುವುದೂ ಕಲಿಯಬೇಕಾದ ಕೆಲಸ. ನನ್ನ ಅಕ್ಕನ ಮಗ ಬಿಜಿಎಂಐ ಆಡುತ್ತಾನೆ, ಕೊನೆಗೆ ಉಳಿದವರು ಗೆಲ್ಲುವ ಮೊಬೈಲ್ ಶೂಟಿಂಗ್ ಗೇಮು. ಹೇಗಿತ್ತು ಎಂದು ಕೇಳಿದರೆ "ಚಿಕನ್ ಡಿನ್ನರ್" (ಗೆದ್ದೆ) ಅಥವಾ "ಲ್ಯಾಗ್" (ನೆಟ್ ನಿಧಾನ), ಬೇರೆ ಮಾತಿಲ್ಲ. ಒಂದು ದಿನ ಕೇಳಿದೆ: ಕೊನೆಯ ಮ್ಯಾಚಿನಲ್ಲಿ ಎಲ್ಲಿ ಸತ್ತೆ? ಆಗ ಅವನ ಬಾಯಿ ಬಿಟ್ಟಿತು. ಎರಾಂಗೆಲ್ ಮ್ಯಾಪಿನ ಪೋಚಿಂಕಿಯಲ್ಲಿ ಇಳಿದದ್ದು, ಎರಡು ಮಹಡಿಯ ಮನೆಯಲ್ಲಿ ಮೆಟ್ಟಿಲ ಕೆಳಗೆ ಕೂತದ್ದು, ಮೇಲಿನ ಹೆಜ್ಜೆ ಸದ್ದು ಎಡಗಿವಿಗೆ ಕೇಳಿದ್ದು, ಇಯರ್‌ಫೋನಿನ ಎಡಗಡೆ ಹಾಳಾಗಿದ್ದರೂ ಅದು ಕೇಳಿದ ಹಾಗೆ ಅನಿಸಿದ್ದು. ನೂರು ಜನ ಇಳಿಯುವ ಆಟದಲ್ಲಿ ಅವನು ಇಪ್ಪತ್ತು ನಿಮಿಷ ಒಬ್ಬನೇ ಕಿವಿಕೊಟ್ಟು ಕೂರುತ್ತಾನೆ ಎಂದು ನನಗೆ ಗೊತ್ತಾದದ್ದು ಅವತ್ತು. "ಹೇಗಿತ್ತು" ಎಂದು ಕೇಳಬೇಡಿ. "ಎಲ್ಲಿ ಸತ್ತೆ", "ಎಲ್ಲಿ ಸಿಕ್ಕಿಬಿದ್ದೆ", "ಏನನ್ನು ಮಾರದೆ ಇಟ್ಟುಕೊಂಡೆ" ಎಂದು ಕೇಳಿ.

ಈ ಪ್ರಶ್ನೆ ನನಗೆ ಬಂದದ್ದು ಅಜ್ಜಿಯಿಂದ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್ ಹೊತ್ತಿಗೆ) ನಮ್ಮಲ್ಲಿ ಚೆನ್ನೆಮಣೆ ಆಡುವುದು ಮೊದಲಿನಿಂದ ಬಂದದ್ದು. ಏಳೇಳು ಗುಳಿಯ ಎರಡು ಸಾಲು, ಗುಳಿಗೆ ನಾಲ್ಕರಂತೆ ಕಾಯಿ. ಅಕ್ಕತಂಗಿ ಎದುರುಬದುರು ಕೂತು ಆಡಬಾರದು ಎಂದು ಹಿರಿಯರು ಹೇಳುತ್ತಿದ್ದರು, ಹಾಗಾಗಿ ಅಜ್ಜಿ ಪಕ್ಕದ ಮನೆಯವರ ಜತೆ ಆಡಿ ಬರುತ್ತಿದ್ದರು. ಬಂದು ಆಟ ಒಳ್ಳೆಯದಿತ್ತು ಎಂದು ಒಂದು ದಿನವೂ ಹೇಳಿದವರಲ್ಲ. "ಎಡದ ಮೂರನೇ ಗುಳಿ ಬರಿದಾಯಿತು ನೋಡು, ಅಲ್ಲಿಗೆ ಮುಗಿಯಿತು" ಎನ್ನುತ್ತಿದ್ದರು. ಮಣೆ ನೋಡದ ನನಗೂ ಇಡೀ ಆಟ ಕಣ್ಣೆದುರು ಬರುತ್ತಿತ್ತು.

ಎಷ್ಟು ಕಷ್ಟದಲ್ಲಿ ಆಡಿದಿರಿ, ಯಾವುದರಲ್ಲಿ ಆಡಿದಿರಿ ಎಂಬುದನ್ನು ಮುಚ್ಚಿಡಬೇಡಿ. 2018ರ ಸೆಲೆಸ್ಟ್ ಎಂಬ ಬೆಟ್ಟ ಹತ್ತುವ ಗೇಮಿನಲ್ಲಿ ಅಸಿಸ್ಟ್ ಮೋಡ್ ಉಂಟು. ಆಟದ ವೇಗ ಇಳಿಸಬಹುದು, ಬಿದ್ದರೂ ಸಾಯದ ಹಾಗೆ ಮಾಡಬಹುದು. ನಾನು ವೇಗ ಇಳಿಸಿ ಆ ಬೆಟ್ಟ ಹತ್ತಿದೆ, ಹಾಗೆಂದೇ ಹೇಳುತ್ತೇನೆ. ನಮ್ಮಲ್ಲಿ ಒಬ್ಬ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುವವನು, 2025ರ ಸೆಪ್ಟೆಂಬರ್ 4ರಂದು ಬಂದ ಹಾಲೋ ನೈಟ್: ಸಿಲ್ಕ್‌ಸಾಂಗ್ ಎಂಬ ಗೇಮು ಹಿಡಿದುಕೊಂಡವನು ಇನ್ನೂ ಬಿಟ್ಟಿಲ್ಲ. ಅವನು ಕೊಟ್ಟ ವರದಿ ನನಗೆ ಬಹಳ ಇಷ್ಟವಾಯಿತು. ಲಾಸ್ಟ್ ಜಡ್ಜ್ ಎಂಬ ಬಾಸ್ (ದೊಡ್ಡ ಎದುರಾಳಿ) ಕಷ್ಟ ಅಲ್ಲ, ಸತ್ತ ಮೇಲೆ ಆಟ ಪುನಃ ಶುರುವಾಗುವ ಬೆಂಚಿನಿಂದ ಆ ಬಾಸಿನ ಬಾಗಿಲಿನವರೆಗೆ ಹೋಗುವ ದಾರಿ ಕಷ್ಟ. ಆ ದಾರಿಯಲ್ಲಿ ಆತುರ ಮಾಡಿದ ದಿನ ಸೋತೆ, ನಿಧಾನ ಹೋದ ದಿನ ಗೆದ್ದೆ ಎಂದ. ಕೈಯಲ್ಲಿ ಐದು ಮಾಸ್ಕ್ (ಅಂದರೆ ಜೀವ) ಇರುವಾಗ ಒಂದೇ ಏಟಿಗೆ ಎರಡು ಹೋಗುವುದು ಅನ್ಯಾಯ ಎಂದೂ ಹೇಳಿದ. ಇಷ್ಟವಾದ ಗೇಮಿನ ಬಗ್ಗೆ ಸಿಟ್ಟನ್ನೂ ಹೇಳುವವನ ಮಾತನ್ನು ನಾನು ನಂಬುತ್ತೇನೆ.

ಮಳೆಗಾಲದಲ್ಲಿ ಆಡುವವರಿಗೆ ಒಂದು ಮಾತು. ಗೇಮು ಎಲ್ಲಿ ಸೇವ್ ಆಗುತ್ತದೆ ಎಂದು ಮೊದಲೇ ತಿಳಿದುಕೊಳ್ಳಿ. ಸ್ಟಾರ್‌ಡ್ಯೂ ವ್ಯಾಲಿ ಎಂಬ ಕೃಷಿಯ ಗೇಮಿನ ಒಂದು ದಿನ ಅಂದರೆ ನಮ್ಮ ಸುಮಾರು 14 ನಿಮಿಷ, ಕಂಪ್ಯೂಟರಿನಲ್ಲಿ ಆ ದಿನ ಮುಗಿದು ಮಲಗಿದ ಮೇಲೆ ಮಾತ್ರ ಸೇವ್. ಹದಿಮೂರನೇ ನಿಮಿಷಕ್ಕೆ ಕರೆಂಟ್ ಹೋದರೆ ಬಿತ್ತಿದ್ದು, ನೀರು ಹಾಕಿದ್ದು, ಹಿಡಿದ ಮೀನು ಎಲ್ಲ ಹೋಯಿತು. ಗಾಳಿ ಎದ್ದ ದಿನ ಡೆಸ್ಕ್‌ಟಾಪಿನಲ್ಲಿ ಶುರು ಮಾಡಬೇಡಿ, ಲ್ಯಾಪ್‌ಟಾಪ್ ಅಥವಾ ಫೋನ್ ಸಾಕು. ಕರೆಂಟ್ ಹೋದ ಸಿಟ್ಟಿನಲ್ಲಿ ಗೇಮಿನ ಮೇಲೆ ಅಭಿಪ್ರಾಯ ಬರೆಯುವುದೂ ಬೇಡ.

ಕಥೆ ಎಷ್ಟು ಹೇಳಬಹುದು ಎಂಬುದಕ್ಕೆ ನಮ್ಮ ಕ್ರಮ ಇಷ್ಟೇ: ಕೇಳುವವರಲ್ಲಿ ಅತ್ಯಂತ ಹಿಂದೆ ಇರುವವರು ಎಲ್ಲಿದ್ದಾರೋ ಅಲ್ಲಿಯವರೆಗೆ. ಶುರು ಮಾಡದವರಿದ್ದರೆ ಮೊದಲ ಒಂದು ಗಂಟೆ ಮಾತ್ರ.

ಎಲ್ಲರೂ ಸೇರಿದಾಗ ನಿಮ್ಮ ಸಾಲುಗಳನ್ನು ಪುಸ್ತಕದಲ್ಲಿ ಇದ್ದ ಹಾಗೇ ಓದಿ, ಚಂದ ಮಾಡಲು ಹೋಗಬೇಡಿ. ಒಬ್ಬರಿಗೆ ಐದು ನಿಮಿಷ. ಓದಿ ಮುಗಿದ ಮೇಲೆ ಉಳಿದವರು ತಲಾ ಒಂದು ಪ್ರಶ್ನೆ ಕೇಳಬಹುದು, ತೆಗೆದುಕೊಳ್ಳಲೋ ಬೇಡವೋ ಎಂಬ ಪ್ರಶ್ನೆ ಮಾತ್ರ ಇಲ್ಲ. ಅದನ್ನು ಅವರವರೇ ತೀರ್ಮಾನಿಸಲಿ.

ಆಟ ಅರ್ಧದಲ್ಲಿ ಬಿಟ್ಟು ಹೋಗುವವರಿದ್ದರೆ ಅವರ ಸಾಲನ್ನು ನೀವು ಬರೆದುಕೊಳ್ಳಿ. ಜುಲೈ ಕೊನೆಗೆ ಮಾವ ಡೀಸೆಲ್, ಐಸ್ ಎಂದು ಓಡಾಟ ಶುರು ಮಾಡಿದರು. ಹೊರಡುವ ಹಿಂದಿನ ರಾತ್ರಿ ಬಂದು ಕೊನೆಯ ಸಲ ಆಡಿದರು. ಕತ್ತಲಲ್ಲಿ ದೀಪಸ್ತಂಭದ ಕಡೆ ಬರುವಾಗ ಬಂಡೆಗೆ ತಾಗಿ ಬೋಟಿನ ಒಂದು ಮನೆ ಒಡೆಯಿತು. ಬೆಳಗಾದ ಮೇಲೆ ಅದೇ ಜಾಗಕ್ಕೆ ಬೋಟು ತಂದು ನೋಡಿದರೆ ಬಂಡೆ ಇರಲಿಲ್ಲ. ಎರಡು ಸುತ್ತು ಹಾಕಿದರು. ಮತ್ತೆ ಕಂಟ್ರೋಲರ್ ನನ್ನ ಕೈಗೆ ಕೊಟ್ಟು, ಅವರೇ ಹೇಳಿ ಬರೆಸಿದರು: "4 ಗಂಟೆ. ದೀಪಸ್ತಂಭದ ಎಡಕ್ಕೆ ರಾತ್ರಿ ಬಂಡೆ ಉಂಟು, ಹಗಲು ಇಲ್ಲ. ಬೋಟಿನಲ್ಲಿ ಮೂರು ಬಂಗುಡೆ ಉಂಟು, ಬೇಗ ಮಾರು."