‘ಗೆಟ್’ ಕಂಡಾಗ ಏನು ಮಾಡಬೇಕು?

ಇಂಗ್ಲಿಷ್ ಕಲಿಯುವಾಗ ‘ಗೆಟ್’ ಅಂದರೆ ‘ಪಡೆ’ ಎಂದು ನಾವೆಲ್ಲ ಬರೆದುಕೊಂಡಿದ್ದೇವೆ, ಅಲ್ವಾ? ಆ ಒಂದೇ ಅರ್ಥ ಹಿಡಿದು ಹೊರಟರೆ ಎರಡನೇ ಸಾಲಿಗೇ ಸಿಕ್ಕಿಬೀಳುತ್ತೇವೆ. ಬಹಳ ಹಿಂದೆ ಇಂಗ್ಲೆಂಡಿಗೆ ಬಂದು ನೆಲೆಸಿದ ಸ್ಕ್ಯಾಂಡಿನೇವಿಯಾದ ಜನರ ‘ಗೆಟಾ’ ಎಂಬ ಮಾತಿನಿಂದ ಬಂದ ಪದ ಇದು. ಈಗ ಹತ್ತಾರು ಕೆಲಸ ಮಾಡುತ್ತದೆ.

ಮೊದಲು, ‘ಗೆಟ್’ ಆದಮೇಲೆ ಏನು ಬಂದಿದೆ ನೋಡಿ. ವಸ್ತುವೋ ವಿಷಯವೋ ಬಂದಿದ್ದರೆ, ಅದು ಹೇಗೆ ಕೈಸೇರಿತು ಎಂದು ಕೇಳಿಕೊಳ್ಳಿ. ‘ಐ ಗಾಟ್ ಎ ಲೆಟರ್’ ಅಂದರೆ ನನಗೆ ಕಾಗದ ಬಂತು. ‘ಐ ಗಾಟ್ ಎ ಜಾಬ್’ ಅಂದರೆ ನನಗೆ ಕೆಲಸ ಸಿಕ್ಕಿತು. ‘ಐ ಗಾಟ್ ಸಮ್ ಮಿಲ್ಕ್’ ಅಂದರೆ ನಾನು ಹಾಲು ತಂದೆ. ಇಂಗ್ಲಿಷಿನಲ್ಲಿ ಮೂರಕ್ಕೂ ‘ಐ’. ಕನ್ನಡ ಹಾಗಲ್ಲ. ಅಂಗಡಿಗೆ ಹೋಗಿ ಹಾಲು ತರುವುದು ನನ್ನ ಕೈಲಿದೆ, ಅದಕ್ಕೆ ‘ನಾನು’. ಎಷ್ಟೇ ಓಡಾಡಿದರೂ ಕೆಲಸ ಸಿಗುವುದು ನನ್ನ ಕೈಲಿಲ್ಲ, ಅದಕ್ಕೆ ‘ನನಗೆ’. ನಮ್ಮ ಭಾಷೆ ಇಷ್ಟು ಸೂಕ್ಷ್ಮವಾಗಿ ನೋಡುತ್ತದೆ ಅನ್ನುವುದು ನನಗೆ ತುಂಬಾ ಇಷ್ಟ.

ಗುಣ ಹೇಳುವ ಪದ ಬಂದರೆ ‘ಆಗು’ ಇಟ್ಟು ನೋಡಿ. ‘ಇಟ್ಸ್ ಗೆಟಿಂಗ್ ಡಾರ್ಕ್’: ಕತ್ತಲಾಗುತ್ತಿದೆ. ಊರು, ಮನೆ ಬಂದರೆ ‘ತಲುಪು’.

ಜಾಸ್ತಿ ತಪ್ಪಾಗುವುದು ಬೇರೆಯವರಿಂದ ಮಾಡಿಸಿದ ಕೆಲಸದಲ್ಲಿ. ‘ಐ ಕಟ್ ಮೈ ಹೇರ್’ ಅಂದರೆ ಕತ್ತರಿ ನಿಮ್ಮ ಕೈಲೇ ಇತ್ತು ಅನ್ನಿಸುತ್ತದೆ. ಕನ್ನಡದಲ್ಲಿ ಮಾಡಿಸು, ಹೊಲಿಸು, ಕಟ್ಟಿಸು ಎಂದು ‘ಇಸು’ ಬರುವ ಕಡೆ ಇಂಗ್ಲಿಷಿನಲ್ಲಿ ‘ಗಾಟ್’ ಹಾಕಿ, ವಸ್ತುವನ್ನು ನಡುವೆ ಇಡಿ. ‘ಐ ಗಾಟ್ ಮೈ ಹೇರ್ ಕಟ್.’ ‘ಐ ಗಾಟ್ ದ ಬೈಕ್ ರಿಪೇರ್ಡ್.’ ನಾಲ್ಕೈದು ಸಲ ಬಾಯಿಬಿಟ್ಟು ಹೇಳಿ, ರೂಢಿಯಾಗುತ್ತದೆ.

ಅರ್ಜಿ, ವರದಿ ಬರೆಯುವಾಗ ‘ಗೆಟ್’ ಸ್ವಲ್ಪ ಹಗುರ ಅನ್ನಿಸುತ್ತದೆ. ಅನುಮತಿಗೆ ‘ಅಬ್ಟೇನ್’ ಬಳಸಿ. ದಿನಗಟ್ಟಲೆ ಕಲಿತು ರೂಢಿಸಿಕೊಂಡ ವಿದ್ಯೆಗೆ ‘ಅಕ್ವೈರ್’; ಸರ್ಕಾರದ ಭೂಸ್ವಾಧೀನಕ್ಕೂ ಇದೇ ಪದ. ಬೆಂಬಲ ಬೆಲೆಗೆ ರಾಗಿ, ಭತ್ತ ಖರೀದಿಸುವುದಕ್ಕೆ ‘ಪ್ರೊಕ್ಯೂರ್’. ಆದರೆ ಈ ಪದವನ್ನು ಮನುಷ್ಯರ ವಿಷಯದಲ್ಲಿ ಬಳಸಲೇಬೇಡಿ. ವೇಶ್ಯಾವಾಟಿಕೆಗೆ ಜನರನ್ನು ಒದಗಿಸುವುದು ಎಂಬ ಅರ್ಥವೂ ಅದಕ್ಕಿದೆ. ಅನೈತಿಕ ಸಾಗಾಟ ತಡೆಯುವ 1956ರ ನಮ್ಮ ಕಾಯ್ದೆಯ ಇಂಗ್ಲಿಷ್ ಪಠ್ಯದಲ್ಲಿ ಇದೇ ಪದ ಅಪರಾಧದ ಹೆಸರಾಗಿದೆ. ಕೆಲಸಗಾರರು ಸಿಕ್ಕಿದ್ದಕ್ಕೆ ‘ಹೈರ್ಡ್’ ಎಂದರೆ ಸಾಕು.