ಜರ್ಮನಿಯಿಂದ ಕಲಬುರಗಿಗೆ ಮಕ್ಕಳ ಜೊತೆ: ಮೊದಲು ಹಳದಿ ಪುಸ್ತಕ, ಆಮೇಲೆ ಟಿಕೆಟ್

ಜರ್ಮನಿಯಲ್ಲಿರುವ ಕಲಬುರಗಿ, ಬೀದರ, ಯಾದಗಿರಿ ಕಡೆಯವರ ಮನೆಗಳಲ್ಲಿ ರಜೆಯ ಮಾತು ಸಾಮಾನ್ಯವಾಗಿ ಟಿಕೆಟ್ ರೇಟಿನಿಂದ ಶುರುವಾಗುತ್ತದೆ. 2024ರ ಜನವರಿಯಲ್ಲಿ ಫ್ರಾಂಕ್‌ಫರ್ಟ್‌ನಿಂದ ಹೈದರಾಬಾದಿಗೆ ನೇರ ವಿಮಾನ ಶುರುವಾಯಿತು. ನಮ್ಮ ಭಾಗದವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ ಅಲ್ವಾ? ಹಾಗಾಗಿ ರೇಟು ಕಡಿಮೆ ಕಂಡ ಕೂಡಲೇ ಬುಕ್ ಮಾಡಿಬಿಡುತ್ತಾರೆ. ಆಮೇಲೆ ನೋಡಿದರೆ ಮಗುವಿನ ತಪಾಸಣೆ ಅದೇ ವಾರ ಬಿದ್ದಿರುತ್ತದೆ. ಶಾಲೆಗೆ ಇನ್ನೂ ರಜೆ ಕೊಟ್ಟಿರುವುದಿಲ್ಲ. ಲಸಿಕೆ ಹಾಕಿಸಲು ಟೈಮೂ ಉಳಿದಿರುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಊರಿಗೆ ಹೋಗುವ ಲೆಕ್ಕ ಮಗುವಿನ ಹಳದಿ ಪುಸ್ತಕದಿಂದ ಶುರುವಾಗಬೇಕು.

ಮಗುವಿನ ಆರೋಗ್ಯ ತಪಾಸಣೆಗಳನ್ನು ಬರೆದಿಡುವ ಈ ಹಳದಿ ಪುಸ್ತಕವನ್ನು ಇಲ್ಲಿ ಗೆಲ್ಬೆಸ್ ಹೆಫ್ಟ್ ಅನ್ನುತ್ತಾರೆ. ಮಗು ಇಲ್ಲೇ ಹುಟ್ಟಿದರೆ ಆಸ್ಪತ್ರೆಯಲ್ಲೇ ಕೈಗೆ ಕೊಡುತ್ತಾರೆ. ಊರಿಂದ ಮಗುವನ್ನು ಕರೆದುಕೊಂಡು ಬಂದವರಿಗೆ ಮಕ್ಕಳ ಡಾಕ್ಟರು ಹೊಸದನ್ನು ಕೊಡುತ್ತಾರೆ. ಅದರಲ್ಲಿ ಯು1ರಿಂದ ಯು9ರವರೆಗೆ ತಪಾಸಣೆಗಳಿವೆ. ಯು1 ಹುಟ್ಟಿದ ಕೂಡಲೇ, ಯು3 ನಾಲ್ಕು-ಐದು ವಾರಕ್ಕೆ, ಯು6 ಹತ್ತರಿಂದ ಹನ್ನೆರಡು ತಿಂಗಳಲ್ಲಿ, ಯು7 ಎರಡು ವರ್ಷದ ಹೊತ್ತಿಗೆ, ಯು9 ಐದು ವರ್ಷ ಆದಮೇಲೆ. ಖರ್ಚು ಪೂರ್ತಿ ವಿಮೆಯದು. ಆದರೆ ಪ್ರತಿ ತಪಾಸಣೆಗೂ ಒಂದು ಅವಧಿ ಇದೆ. ಅದು ದಾಟಿದರೆ ವಿಮೆಯವರು ದುಡ್ಡು ಕೊಡದೇ ಇರಬಹುದು. ಬವೇರಿಯಾ, ಹೆಸ್ಸೆ, ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯಗಳಲ್ಲಂತೂ ಈ ತಪಾಸಣೆ ಕಡ್ಡಾಯ. ಹಾಗಾಗಿ ಕೂಸಿನ ಮೊದಲ ಹುಟ್ಟುಹಬ್ಬಕ್ಕೆ ಊರಿಗೆ ಹೋಗಿ ಜವಳ ಮಾಡಿಸುವವರು ಯು6 ಮುಗಿಸಿಕೊಂಡೇ ಹೊರಡಿ.

ಅದಕ್ಕೆ ಮೊದಲು ಡಾಕ್ಟರು ಸಿಗಬೇಕಲ್ಲ. ಕಲಬುರಗಿಯಲ್ಲಿ ಸಂಜೆ ಮಗು ಕೆಮ್ಮಿದರೆ ಗಾಡಿ ಹತ್ತಿಸಿಕೊಂಡು ಹೋಗುತ್ತೇವೆ, ಚೀಟಿ ಬರೆಸುತ್ತೇವೆ, ಒಂದು ತಾಸು ಕೂತರೆ ಡಾಕ್ಟರು ನೋಡಿ ಕಳಿಸುತ್ತಾರೆ. ಇಲ್ಲಿ ದೊಡ್ಡ ಊರುಗಳಲ್ಲಿ ಎಷ್ಟೋ ಮಕ್ಕಳ ಡಾಕ್ಟರು ಹೊಸಬರನ್ನು ತೆಗೆದುಕೊಳ್ಳುವುದೇ ಇಲ್ಲ. ಬಸುರಿ ಇರುವಾಗಲೇ ಹುಡುಕಿ ಹೆಸರು ಬರೆಸಿಡಿ. ಸಿಗದಿದ್ದರೆ 116117ಕ್ಕೆ ಫೋನ್ ಮಾಡಿ, ಅಪಾಯಿಂಟ್‌ಮೆಂಟ್ ಹುಡುಕಿ ಕೊಡುವುದು ಅವರ ಕೆಲಸ. ರಾತ್ರಿ ಅಥವಾ ಭಾನುವಾರ ಜ್ವರ ಬಂದರೂ ಇದೇ ನಂಬರು. ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ 112.

ಇನ್ನು ಜ್ವರದ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮವರ ಮನೆಗಳಲ್ಲಿ ಜಾಸ್ತಿ ಜಗಳ ಆಗುವುದು ಇದರ ಮೇಲೇ. ವಿಡಿಯೋ ಕಾಲ್‌ನಲ್ಲಿ ಆಯಿ ಕೇಳುತ್ತಾರೆ: ‘ಮೂರು ದಿನ ಆಯ್ತು, ಇನ್ನೂ ಸೂಜಿ ಮಾಡ್ಸಿಲ್ಲೇನು?’ ಇಲ್ಲಿನ ಡಾಕ್ಟರು ಕಿವಿ, ಗಂಟಲು, ಎದೆ ನೋಡುತ್ತಾರೆ. ವೈರಸ್ ಜ್ವರ ಅನ್ನುತ್ತಾರೆ. ಚೆನ್ನಾಗಿ ನೀರು ಕುಡಿಸಿ, ಮಲಗಿಸಿ, ತೂಕಕ್ಕೆ ತಕ್ಕಂತೆ ಪ್ಯಾರಾಸಿಟಮಾಲ್ ಕೊಡಿ ಅಂತ ಹೇಳಿ ಕಳಿಸುತ್ತಾರೆ. ವೈರಸ್‌ಗೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ, ಅದಕ್ಕೇ ಬರೆಯುವುದಿಲ್ಲ. ಅವರಿಗೆ ಕಾಳಜಿ ಇಲ್ಲ ಅಂತ ತಿಳಿಯಬೇಡಿ. ಊರಿನ ಮೆಡಿಕಲ್ ಶಾಪಿನಿಂದ ಸಿರಪ್ ತಂದಿಟ್ಟು ನೀವೇ ಹಾಕಲೂ ಬೇಡಿ.

ಆದರೆ ಕೆಲವು ಹೊತ್ತಿನಲ್ಲಿ ಕಾಯಬಾರದು. ಮೂರು ತಿಂಗಳು ತುಂಬದ ಕೂಸಿಗೆ 38 ಡಿಗ್ರಿ ಜ್ವರ ಬಂದರೆ ಆಗಲೇ ತೋರಿಸಬೇಕು. ಯಾವ ವಯಸ್ಸಿನ ಮಗುವೇ ಇರಲಿ, ನೀರು ಕುಡಿಯದಿದ್ದರೆ, ಉಚ್ಚೆ ಕಡಿಮೆಯಾದರೆ, ಉಸಿರಾಡುವಾಗ ಪಕ್ಕೆ ಒಳಗೆ ಎಳೆದುಕೊಳ್ಳುತ್ತಿದ್ದರೆ, ಎಬ್ಬಿಸಿದರೂ ಮಂಕಾಗಿದ್ದರೆ, ಒತ್ತಿದರೂ ಮಾಸದ ಕೆಂಪು ಚುಕ್ಕೆ ಎದ್ದರೆ ಅಪಾಯಿಂಟ್‌ಮೆಂಟ್ ಅಂತ ಕಾಯಬೇಡಿ. ಭಾಷೆ ಬರುವುದಿಲ್ಲ ಅನ್ನುವ ಸಂಕೋಚದಿಂದ ಮನೆಯಲ್ಲೇ ಕೂರುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಳದಿ ಪುಸ್ತಕ, ವಿಮೆ ಕಾರ್ಡು ಹಿಡಿದು ನಡೆಯಿರಿ, ಉಳಿದದ್ದು ಆಗುತ್ತದೆ.

ಮಗುವಿಗೆ ಹುಷಾರಿಲ್ಲದಾಗ ಕೆಲಸಕ್ಕೆ ರಜೆ ಹಾಕಲು ನಮ್ಮವರು ಹೆದರುತ್ತಾರೆ. ಹೆದರಬೇಡಿ, ಅದು ಹಕ್ಕು. ಸರ್ಕಾರಿ ವಿಮೆಯಲ್ಲಿರುವ ತಂದೆ ತಾಯಿಗೆ, ಹನ್ನೆರಡು ವರ್ಷದೊಳಗಿನ ಒಂದು ಮಗುವಿಗೆ ವರ್ಷಕ್ಕೆ ತಲಾ 15 ಕೆಲಸದ ದಿನ, ಮಗುವಿನ ಕಾಯಿಲೆ ಭತ್ಯೆಯಾದ ಕಿಂಡರ್‌ಕ್ರಾಂಕನ್‌ಗೆಲ್ಡ್ ಸಿಗುತ್ತದೆ. ಒಬ್ಬರೇ ಸಾಕುತ್ತಿದ್ದರೆ 30 ದಿನ. ಸಾಮಾನ್ಯವಾಗಿ ಕೈಗೆ ಬರುವ ಸಂಬಳದ 90 ಪರ್ಸೆಂಟ್ ವಿಮೆಯವರು ಕೊಡುತ್ತಾರೆ. ಡಾಕ್ಟರ ಚೀಟಿ ಮಾತ್ರ ಮೊದಲ ದಿನದಿಂದಲೇ ಬೇಕು. ಹಾಗೇ ಕಿಂಡರ್‌ಗೆಲ್ಡ್, ಅಂದರೆ ಸರ್ಕಾರ ಕೊಡುವ ಮಕ್ಕಳ ಭತ್ಯೆ, 2026ರ ಜನವರಿಯಿಂದ ಮಗುವಿಗೆ ತಿಂಗಳಿಗೆ 259 ಯೂರೋ. ಅರ್ಜಿ ತಡವಾದರೆ ಹಿಂದಿನ ಆರು ತಿಂಗಳದ್ದು ಮಾತ್ರ ಬರುತ್ತದೆ.

ಬಾಣಂತನಕ್ಕೆ ಊರಿಂದ ಅವ್ವನನ್ನು ಕರೆಸುವವರಿಗೆ ಒಂದು ಮಾತು. ಶೆಂಗೆನ್ ವೀಸಾದಲ್ಲಿ 180 ದಿನದಲ್ಲಿ 90 ದಿನವಷ್ಟೇ ಇರಬಹುದು, ಕನಿಷ್ಠ 30,000 ಯೂರೋ ವಿಮೆಯೂ ಬೇಕು. ಹೆರಿಗೆಗೆ ಬಹಳ ಮುಂಚೆ ಕರೆಸಿಕೊಂಡರೆ ಬಾಣಂತನದ ನಟ್ಟನಡುವೆ ವಾಪಸ್ ಕಳಿಸಬೇಕಾಗುತ್ತದೆ. ಇಲ್ಲಿ ಹೆಬಾಮೆ, ಅಂದರೆ ಸೂಲಗಿತ್ತಿ, ಹೆರಿಗೆ ಆದಮೇಲೆ ಮನೆಗೇ ಬಂದು ಕೂಸಿನ ತೂಕ, ಹೊಕ್ಕಳು, ತಾಯಿಯ ಗಾಯ, ಹಾಲು ಎಲ್ಲ ನೋಡುತ್ತಾರೆ. ಹನ್ನೆರಡು ವಾರದವರೆಗೆ ಇದರ ಖರ್ಚು ವಿಮೆಯದು. ನಮ್ಮವರಲ್ಲಿ ಬಹಳ ಜನಕ್ಕೆ ಇದು ಗೊತ್ತೇ ಇರುವುದಿಲ್ಲ. ಬಸುರಿಯ ಮೊದಲ ತಿಂಗಳುಗಳಲ್ಲೇ ಹುಡುಕಿಟ್ಟುಕೊಳ್ಳಿ. ಎಣ್ಣೆ ಹಚ್ಚಿ ಎರೆಯುವುದಕ್ಕೆ ಅವರೂ ಬೇಡ ಅನ್ನುವುದಿಲ್ಲ. ಆದರೆ ಮಂಚದ ಕೆಳಗೆ ಕೆಂಡ ಇಡುವುದು, ಲೋಬಾನದ ಹೊಗೆ ಹಾಕುವುದು ಇಲ್ಲಿ ನಡೆಯದು. ಮಲಗುವ ಕೋಣೆಯಲ್ಲಿ ಹೊಗೆ ಅಲಾರಂ ಇದ್ದೇ ಇರುತ್ತದೆ, ಹೊಗೆ ಕೂಸಿನ ಎದೆಗೂ ಒಳ್ಳೆಯದಲ್ಲ. ವರ್ಷ ತುಂಬುವವರೆಗೆ ನಾಲಿಗೆಗೆ ಜೇನು ಸವರುವುದೂ ಬೇಡ. ಇದನ್ನು ಅವ್ವನಿಗೆ ಊರಲ್ಲಿರುವಾಗಲೇ ಸಮಾಧಾನವಾಗಿ ಹೇಳಿಬಿಡಿ.

ಲಸಿಕೆಯಲ್ಲಿ ಒಂದು ಕಾಯ್ದೆ ನೆನಪಿರಲಿ. 2020ರ ಮಾರ್ಚ್ 1ರಿಂದ ದಡಾರದ ಲಸಿಕೆಯ ಪುರಾವೆ ಇಲ್ಲದೆ ಕಿಟಾಗೆ, ಅಂದರೆ ಶಿಶುವಿಹಾರಕ್ಕೆ, ಸೇರಿಸಿಕೊಳ್ಳುವುದಿಲ್ಲ. ವರ್ಷ ತುಂಬಿದ ಮಗುವಿಗೆ ಒಂದು ಡೋಸ್, ಎರಡು ವರ್ಷ ಆದಮೇಲೆ ಎರಡು ಡೋಸ್ ಆಗಿರಬೇಕು. ಶಾಲೆಯಲ್ಲೂ ಕೇಳುತ್ತಾರೆ. ಊರಲ್ಲಿ ಹಾಕಿಸಿದ ಲಸಿಕೆಗಳ ದಾಖಲೆ ತಾಯಿ ಕಾರ್ಡಿನಲ್ಲಿ ಇರುತ್ತದೆ, ಅದನ್ನು ಮನೆಯಲ್ಲಿ ಬಿಟ್ಟು ಬರಬೇಡಿ. ನಮ್ಮಲ್ಲಿ ಒಂಬತ್ತು ತಿಂಗಳಿಗೆ ಹಾಕುವ ಸರ್ಕಾರಿ ಲಸಿಕೆ ದಡಾರ ಮತ್ತು ರುಬೆಲ್ಲಾಕ್ಕೆ, ಮಂಗನಬಾವು ಅದರಲ್ಲಿ ಇಲ್ಲ. ಉಳಿದದ್ದನ್ನು ಇಲ್ಲಿನ ಡಾಕ್ಟರು ನೋಡಿ ಹಾಕುತ್ತಾರೆ.

ಈಗ ರಜೆಗೆ ಬರೋಣ. ಜರ್ಮನಿಯಲ್ಲಿ ಶಾಲೆಗೆ ಕಳಿಸುವುದು ಕಾನೂನಿನ ಕಡ್ಡಾಯ. ‘ಟಿಕೆಟ್ ಅಗ್ಗ ಇತ್ತು, ಒಂದು ವಾರ ಮುಂಚೆ ಹೊರಟೆವು’ ಅನ್ನುವುದು ಇಲ್ಲಿ ದಂಡ ಕಟ್ಟಿಸುವ ಮಾತು. 2018ರಲ್ಲಿ ಬವೇರಿಯಾದ ವಿಮಾನ ನಿಲ್ದಾಣಗಳಲ್ಲಿ ಪೊಲೀಸರು ಶಾಲೆ ವಯಸ್ಸಿನ ಮಕ್ಕಳಿದ್ದ ಮನೆಯವರನ್ನು ವಿಚಾರಿಸಿದ್ದು ದೊಡ್ಡ ಸುದ್ದಿಯಾಗಿತ್ತು. ಹತ್ತಿರದವರ ಮದುವೆ ಇದ್ದರೆ ಶಾಲೆಗೆ ಮೊದಲೇ ಬರೆದು ಕೇಳಿ, ಕಾರಣ ಸರಿ ಇದ್ದರೆ ಕೊಡುತ್ತಾರೆ. ರಜೆಗೆ ಅಂಟಿಕೊಂಡ ದಿನಗಳನ್ನು ಮಾತ್ರ ಸುಲಭಕ್ಕೆ ಕೊಡುವುದಿಲ್ಲ. ಕಿಟಾ ಮಕ್ಕಳಿಗೆ ಈ ಬಿಗಿ ಇಲ್ಲ. ದೂರದ, ಉದ್ದದ ಪ್ರಯಾಣಗಳನ್ನು ಮಗು ಒಂದನೇ ಕ್ಲಾಸಿಗೆ ಹೋಗುವ ಮುಂಚೆ ಮುಗಿಸಿಕೊಳ್ಳುವುದು ಜಾಣತನ.

ಬೇಸಿಗೆ ರಜೆ ಸುಮಾರು ಆರು ವಾರ. ಎಲ್ಲ ರಾಜ್ಯಕ್ಕೂ ಒಂದೇ ಸಲ ಕೊಡುವುದಿಲ್ಲ, ಜೂನ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಹಂಚಿರುತ್ತಾರೆ. ನಮ್ಮ ಕಡೆ ಆಗ ಮಳೆಗಾಲ. ಮೇ ತಿಂಗಳಿನ ನಲವತ್ತು ದಾಟಿದ ಬಿಸಿಲು ತಪ್ಪುತ್ತದೆ, ಅದು ದೊಡ್ಡ ಅನುಕೂಲ. ಕೆಲವು ರಾಜ್ಯಗಳವರಿಗೆ ನಾಗರ ಪಂಚಮಿಯ ಜೋಕಾಲಿಯೂ ಸಿಗುತ್ತದೆ. ಆದರೆ ಕಾಕಾನ ಮಕ್ಕಳು, ಮಾಮಾನ ಮಕ್ಕಳು ಎಲ್ಲ ಆಗ ಶಾಲೆಯಲ್ಲಿರುತ್ತಾರೆ. ನಮ್ಮ ಮಕ್ಕಳು ಹಗಲೆಲ್ಲ ಮುತ್ಯಾನ ಜೊತೆ ಕೂತು, ನಾಲ್ಕು ಗಂಟೆ ಯಾವಾಗ ಆಗುತ್ತದೆ ಅಂತ ಬಾಗಿಲು ನೋಡುತ್ತಿರುತ್ತವೆ. ಹಾಗಾಗಿ ವಾರದ ದಿನಗಳಲ್ಲಿ ಬೀದರ ಕೋಟೆ, ಕಲಬುರಗಿ ಕೋಟೆ, ಸನ್ನತಿ ಇಂಥವನ್ನು ಇಟ್ಟುಕೊಳ್ಳಿ. ಭಾನುವಾರಗಳನ್ನು ಆ ಮಕ್ಕಳ ಜೊತೆ ಆಡಲು ಬಿಡಿ. ಮಕ್ಕಳು ಎಲ್ಲರೂ ಒಟ್ಟಿಗೆ ಇರಬೇಕು ಅಂದರೆ ಅಕ್ಟೋಬರ್ ರಜೆ ನೋಡಿ. ಕೆಲವು ವರ್ಷ ಅದು ನಮ್ಮ ದಸರಾ ರಜೆಗೆ ಹೊಂದಿಕೊಳ್ಳುತ್ತದೆ.

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಒಳ್ಳೆಯದು ಕ್ರಿಸ್‌ಮಸ್ ರಜೆ. ಎರಡೇ ವಾರ, ಟಿಕೆಟ್ಟೂ ದುಬಾರಿ. ಆದರೆ ಹವಾ ಹಿತವಾಗಿರುತ್ತದೆ, ಹೊಲದಲ್ಲಿ ಜೋಳ ನಿಂತಿರುತ್ತದೆ. ನಸೀಬಿದ್ದರೆ ಎಳ್ಳಮವಾಸ್ಯೆ ಸಿಗುತ್ತದೆ. 2024ರಲ್ಲಿ ಅದು ಡಿಸೆಂಬರ್ 30ಕ್ಕೆ ಬಂದಿತ್ತು. 2025ರಲ್ಲಿ ಡಿಸೆಂಬರ್ 19ಕ್ಕೆ ಬಂತು, ಹೆಚ್ಚಿನ ರಾಜ್ಯಗಳಲ್ಲಿ ಇನ್ನೂ ಶಾಲೆ ನಡೆಯುತ್ತಿತ್ತು. ಹೊಸ ಪಂಚಾಂಗ ಬಂದ ಕೂಡಲೇ ಆ ತಾರೀಖು ನೋಡಿಕೊಳ್ಳಿ. ಸಜ್ಜಿ ರೊಟ್ಟಿ, ಭಜ್ಜಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವುದನ್ನು ಮಗು ಒಂದು ಸಲ ನೋಡಿದರೆ ಸಾಕು, ಊರು ಅಂದರೆ ಏನು ಅಂತ ಬೇರೆ ಹೇಳಿಕೊಡಬೇಕಾಗಿಲ್ಲ.

ತಾರೀಖು ಗಟ್ಟಿಯಾದ ಮೇಲೆ ಹೊರಡುವುದಕ್ಕೆ ಆರೆಂಟು ವಾರ ಮುಂಚೆ ಡಾಕ್ಟರ ಹತ್ತಿರ ಹೋಗಿ. ಹೆಪಟೈಟಿಸ್ ಎ ಲಸಿಕೆ ವರ್ಷ ತುಂಬಿದ ಮೇಲೆ ಹಾಕುತ್ತಾರೆ. ಟೈಫಾಯ್ಡ್, ನಾಯಿ ಕಡಿತದ ಲಸಿಕೆಗಳ ಬಗ್ಗೆಯೂ ಕೇಳಿ. ಎಷ್ಟೋ ವಿಮಾ ಸಂಸ್ಥೆಗಳು ಪ್ರಯಾಣದ ಲಸಿಕೆಯ ದುಡ್ಡು ವಾಪಸ್ ಕೊಡುತ್ತವೆ, ರಸೀದಿ ಇಟ್ಟುಕೊಳ್ಳಿ. ನಾಯಿ ವಿಷಯ ಸುಮ್ನೆ ಹೇಳುತ್ತಿಲ್ಲ. ಇಲ್ಲಿ ಬೆಳೆದ ಮಕ್ಕಳು ಬೀದಿ ನಾಯಿ ಕಂಡರೆ ಮುಟ್ಟಲು ಓಡುತ್ತವೆ. ಕಚ್ಚಿದರೆ, ಪರಚಿದರೂ ಸರಿ, ಕೂಡಲೇ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಅರಿಷಿಣ, ಸುಣ್ಣ ಹಚ್ಚಬೇಡಿ. ಅಲ್ಲಿಂದ ನೇರ ಆಸ್ಪತ್ರೆಗೆ. ಕಲಬುರಗಿಯಲ್ಲಿ ಜಿಮ್ಸ್, ಬೀದರದಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಇವೆ. ಮೊದಲೇ ಲಸಿಕೆ ಆಗಿದ್ದರೂ ಹೋಗಲೇಬೇಕು.

ಇಲ್ಲಿನ ಸರ್ಕಾರಿ ವಿಮೆ ಭಾರತದಲ್ಲಿ ನಡೆಯುವುದಿಲ್ಲ, ಪ್ರಯಾಣದ ಆರೋಗ್ಯ ವಿಮೆ ಬೇರೆಯೇ ಮಾಡಿಸಬೇಕು. ವರ್ಷಕ್ಕೆ ಸ್ವಲ್ಪ ದುಡ್ಡಿನಲ್ಲಿ ಸಿಗುತ್ತದೆ. ಆದರೆ ಸಾಮಾನ್ಯವಾಗಿ ಒಂದು ಪ್ರಯಾಣಕ್ಕೆ ಆರರಿಂದ ಎಂಟು ವಾರದ ಮಿತಿ ಇರುತ್ತದೆ. ಕೂಸು ಕರೆದುಕೊಂಡು ತವರಿಗೆ ಮೂರು ತಿಂಗಳು ಹೋಗುವವರು ಇದನ್ನು ನೋಡಿಯೇ ಮಾಡಿಸಿ.

ಇಲ್ಲೇ ಹುಟ್ಟಿದ ಕೂಸಿನ ಕಾಗದಪತ್ರಕ್ಕೆ ತಿಂಗಳುಗಳೇ ಹಿಡಿಯುತ್ತವೆ. ತಂದೆ ತಾಯಿ ಭಾರತದ ನಾಗರಿಕರಾಗಿದ್ದರೆ ಹುಟ್ಟಿದ ಒಂದು ವರ್ಷದೊಳಗೆ ಭಾರತದ ದೂತಾವಾಸ ಅಥವಾ ಕಾನ್ಸುಲೇಟಿನಲ್ಲಿ ನೋಂದಾಯಿಸಿ ಪಾಸ್‌ಪೋರ್ಟ್ ಮಾಡಿಸಬೇಕು. ಇಲ್ಲಿನ ವಾಸದ ಪರವಾನಗಿಗೆ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಎರಡೂ ಕೈಗೆ ಬರುವ ಮುಂಚೆ ಟಿಕೆಟ್ ಮಾಡಬೇಡಿ, ವಾಪಸ್ ಬರುವಾಗ ತೊಂದರೆ ಆಗುತ್ತದೆ. ತಂದೆ ಅಥವಾ ತಾಯಿ ಐದು ವರ್ಷ ಇಲ್ಲಿದ್ದು, ಕಾಯಂ ವಾಸದ ಹಕ್ಕು ಪಡೆದಿದ್ದರೆ ಮಗು ಹುಟ್ಟುತ್ತಲೇ ಜರ್ಮನ್ ನಾಗರಿಕ. ಆಗ ಊರಿಗೆ ಹೋಗಲು ಮಗುವಿಗೇ ಭಾರತದ ವೀಸಾ ಅಥವಾ ಒಸಿಐ (ಭಾರತ ಮೂಲದ ವಿದೇಶಿ ನಾಗರಿಕರಿಗೆ ಕೊಡುವ ಕಾರ್ಡು) ಬೇಕು.

ಊರಲ್ಲಿ ಇದ್ದಷ್ಟು ದಿನ ಕುದಿಸಿ ಆರಿಸಿದ ನೀರು, ಸೊಳ್ಳೆ ಪರದೆ, ಚೀಲದಲ್ಲಿ ನಾಲ್ಕು ಓಆರ್‌ಎಸ್ ಪೊಟ್ಟಣ ಇರಲಿ. ವಾಪಸ್ ಬಂದು ವಾರಗಳೋ ತಿಂಗಳುಗಳೋ ಆದಮೇಲೆ ಮಗುವಿಗೆ ಜ್ವರ ಬಂದರೆ, ಡಾಕ್ಟರು ಕೇಳಲಿ ಬಿಡಲಿ, ‘ನಾವು ಭಾರತಕ್ಕೆ ಹೋಗಿ ಬಂದಿದ್ದೇವೆ’ ಅಂತ ಮೊದಲೇ ಹೇಳಿ. ಮಲೇರಿಯಾ, ಡೆಂಗ್ಯೂ, ಟೈಫಾಯ್ಡ್ ಇಲ್ಲಿನವರ ತಲೆಗೆ ಮೊದಲು ಹೊಳೆಯುವ ಕಾಯಿಲೆಗಳಲ್ಲ. ಹೇಳಿದರೆ ಅವತ್ತೇ ರಕ್ತ ಪರೀಕ್ಷೆಗೆ ಕಳಿಸುತ್ತಾರೆ.