ಹತ್ತು ಮೆಗಾಹರ್ಟ್ಸ್ ಎಂದರೆ ಹತ್ತೇ ಇರಬೇಕು: ಹ್ಯಾಮ್ ಕೋಣೆಗೆ ಆಧಾರ ಫ್ರೀಕ್ವೆನ್ಸಿ ಆರಿಸುವ ಬಗೆ

ಡಿಸೆಂಬರ್‌ನ ಒಂದು ಬೆಳಿಗ್ಗೆ. ಮಡಿಕೇರಿಯ ಮಂಜು ಇನ್ನೂ ಕರಗಿರಲಿಲ್ಲ. ಅಂಗಳದ ಡಿಶ್ ಅನ್ನು ಪಶ್ಚಿಮಕ್ಕೆ ತಿರುಗಿಸಿ, ಹತ್ತು ಡಿಗ್ರಿಯಷ್ಟು ದಕ್ಷಿಣಕ್ಕೆ ಸರಿಸಿ, ಕ್ಯೂಒ-100 ಉಪಗ್ರಹದಲ್ಲಿ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೊ ಬಳಸುವವರು, ಆಡುತ್ತಿದ್ದ ಮಾತು ಕೇಳುತ್ತಿದ್ದೆ. ಬಿಸಿಲೇರಿ, ಡಿಶ್‌ನ ಮುಂದೆ ಕೂತು ಸಂಕೇತ ಹಿಡಿಯುವ ಎಲ್‌ಎನ್‌ಬಿ ಬೆಚ್ಚಗಾಗುತ್ತಿದ್ದಂತೆ ಸ್ಪಷ್ಟವಾಗಿದ್ದ ದನಿ ಕೀರಲಾಗತೊಡಗಿತು. ಚಹಾ ಕುಡಿದು ಬರುವಷ್ಟರಲ್ಲಿ ಆ ದನಿ ಡಯಲ್‌ನಲ್ಲಿ ಇದ್ದ ಜಾಗದಲ್ಲೇ ಇರಲಿಲ್ಲ. ಉಪಗ್ರಹ 25.9 ಡಿಗ್ರಿ ಪೂರ್ವ ರೇಖಾಂಶದಲ್ಲಿ ತನ್ನಷ್ಟಕ್ಕೆ ನಿಂತಿತ್ತು. ಜಾರಿದ್ದು ಎಲ್‌ಎನ್‌ಬಿಯೊಳಗಿನ ಅಕ್ಕಿಕಾಳಿನಷ್ಟು ದೊಡ್ಡ, ಫ್ರೀಕ್ವೆನ್ಸಿ ಹುಟ್ಟಿಸುವ ಕ್ರಿಸ್ಟಲ್.

ಹೀಗೆ ಆದಾಗಲೇ ನಮ್ಮಲ್ಲಿ ಹೆಚ್ಚಿನವರು ಒಳ್ಳೆಯ ಆಧಾರ ಫ್ರೀಕ್ವೆನ್ಸಿ, ಅಂದರೆ ಮಿಕ್ಕ ಉಪಕರಣಗಳೆಲ್ಲ ತಾಳೆ ಹಾಕಿಕೊಳ್ಳಬಹುದಾದ ಒಂದು ನಿಖರ 10 ಮೆಗಾಹರ್ಟ್ಸ್ ಮೂಲವನ್ನು ಹುಡುಕಲು ಶುರುಮಾಡುತ್ತೇವೆ. ಹುಡುಕಲು ಹೊರಟ ಕೂಡಲೇ ರುಬಿಡಿಯಂ ಪರಮಾಣು ಗಡಿಯಾರದವರೆಗೆ ಆಸೆ ಬೆಳೆಯುತ್ತದೆ. ಹಣ ಬಿಚ್ಚುವ ಮೊದಲು ಒಂದು ಕಾಗದ, ಪೆನ್ನು ತೆಗೆದುಕೊಳ್ಳಿ.

ಮೊದಲು ಲೆಕ್ಕ

ದಶಲಕ್ಷಕ್ಕೆ ಒಂದು ಪಾಲಿನ ತಪ್ಪಿಗೆ ಒಂದು ಪಿಪಿಎಂ ಎನ್ನುತ್ತಾರೆ. 14 ಮೆಗಾಹರ್ಟ್ಸ್‌ನಲ್ಲಿ ಅದು ಬರೀ 14 ಹರ್ಟ್ಸ್. 432 ಮೆಗಾಹರ್ಟ್ಸ್‌ನಲ್ಲಿ 432 ಹರ್ಟ್ಸ್. ಕ್ಯೂಒ-100 ಕೆಳಗೆ ಕಳಿಸುವ 10,489.75 ಮೆಗಾಹರ್ಟ್ಸ್‌ನಲ್ಲಿ ಅದೇ ತಪ್ಪು ಹತ್ತು ಕಿಲೋಹರ್ಟ್ಸ್ ದಾಟುತ್ತದೆ. ಮೂರ‍್ನಾಲ್ಕು ಮಂದಿಯ ಮಾತುಕತೆಗೆ ಸಾಲುವಷ್ಟು ಜಾಗ ಅದು. ನೀವು ಕೆಲಸ ಮಾಡುವ ಅತಿ ಎತ್ತರದ ಬ್ಯಾಂಡ್ ಯಾವುದು, ಅಲ್ಲಿ ಎಷ್ಟು ಹರ್ಟ್ಸ್ ತಪ್ಪನ್ನು ಸಹಿಸಬಲ್ಲಿರಿ ಎಂದು ಬರೆದುಕೊಳ್ಳಿ. ಎರಡನೆಯ ಸಂಖ್ಯೆಯನ್ನು ಮೊದಲನೆಯದರಿಂದ ಭಾಗಿಸಿದರೆ ಎಷ್ಟು ನಿಖರತೆ ಬೇಕೆಂದು ತಿಳಿಯುತ್ತದೆ. ಮುಂದಿನ ಆಯ್ಕೆಯೆಲ್ಲ ಈ ಉತ್ತರದ ಮೇಲೆ ನಿಂತಿದೆ.

ಶಾರ್ಟ್‌ವೇವ್‌ನಲ್ಲಿ ಎಫ್‌ಟಿ8, ವಿಸ್ಪರ್ ಎಂಬ ಡಿಜಿಟಲ್ ವಿಧಾನಗಳನ್ನು ಬಳಸುವವರಿಗೆ ಅರ್ಧ ಪಿಪಿಎಂನ ಟಿಸಿಎಕ್ಸ್‌ಒ ಧಾರಾಳ ಸಾಕು. ತಾಪ ಬದಲಾದಂತೆ ತನ್ನನ್ನು ತಾನೇ ತಿದ್ದಿಕೊಳ್ಳುವ ಕ್ರಿಸ್ಟಲ್ ಅದು. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಇಂಥವರು ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಿ ಉಳಿದ ಹಣವನ್ನು ಆಂಟೆನಾಕ್ಕೆ ಹಾಕಲಿ. ಕ್ಯೂಒ-100 ಅನ್ನು ಬರೀ ಕೇಳುವವರಿಗಂತೂ ಇನ್ನೂ ಅಗ್ಗದ ದಾರಿಯಿದೆ: ಉಪಗ್ರಹವೇ ಕಳಿಸುವ ಬೀಕನ್ ಸಂಕೇತವನ್ನು ಹಿಡಿದುಕೊಂಡು ತಪ್ಪನ್ನು ತಿದ್ದುವ ಎಸ್‌ಡಿಆರ್ (ಕಂಪ್ಯೂಟರನ್ನೇ ರೇಡಿಯೊ ಆಗಿಸುವ) ತಂತ್ರಾಂಶ. ಅದಕ್ಕೆ ಒಂದು ಪೈಸೆಯೂ ಬೇಡ.

ಎರಡನೆಯದು, ಮನೆಯ ಪರಿಸ್ಥಿತಿ

ಕೊಡಗಿನಲ್ಲಿ ಇದು ಕ್ಯಾಟಲಾಗಿನ ಅಂಕಿಗಿಂತ ಮುಖ್ಯ. ಓಸಿಎಕ್ಸ್‌ಒ ಎಂಬುದು ಪುಟ್ಟ ಒಲೆಯೊಳಗೆ ಕೂತ ಕ್ರಿಸ್ಟಲ್. ಆ ಒಲೆ ಹಗಲೂ ರಾತ್ರಿಯೂ ಒಂದೇ ಬಿಸಿಯಲ್ಲಿ ಇರಬೇಕು. ಆಷಾಢದ ಮಳೆಗೆ ಮರ ಬಿದ್ದು ಎರಡು ದಿನ ಕರೆಂಟ್ ಹೋದರೆ ಒಲೆ ಆರುತ್ತದೆ, ಮತ್ತೆ ಹೊತ್ತಿಸಿದಾಗ ಕ್ರಿಸ್ಟಲ್ ಮೊದಲಿನ ಫ್ರೀಕ್ವೆನ್ಸಿಗೇ ಬಂದು ಕೂರುವುದಿಲ್ಲ, ನೆಲೆಗೊಳ್ಳಲು ದಿನಗಟ್ಟಲೆ ಬೇಕು. ಆದ್ದರಿಂದ ಹೆಚ್ಚು ಬೆಲೆಯ ಓಸಿಎಕ್ಸ್‌ಒ ಕೊಳ್ಳುವ ಬದಲು ಸಾಧಾರಣದ್ದನ್ನು ಕೊಂಡು, ಮಿಕ್ಕ ಹಣಕ್ಕೆ ಒಂದು ಬ್ಯಾಟರಿ ಮತ್ತು ಸಣ್ಣ ಸೋಲಾರ್ ಫಲಕ ಜೋಡಿಸಿ ಎಂದು ನಾನು ಒತ್ತಾಯಿಸಿಯೇ ಹೇಳುತ್ತೇನೆ.

ಇನ್ನೊಂದು, ಆಕಾಶ. ಜಿಪಿಎಸ್‌ಡಿಒ ಎಂಬ ಪೆಟ್ಟಿಗೆ ಜಿಪಿಎಸ್ ಉಪಗ್ರಹಗಳ ಸಮಯ ನೋಡಿಕೊಂಡು ತನ್ನ ಕ್ರಿಸ್ಟಲ್ಲನ್ನು ಸದಾ ತಿದ್ದುತ್ತಿರುತ್ತದೆ. ಆ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳೇ ಇವೆ. ಅವುಗಳ ನಿಖರತೆ ನಮ್ಮ ಅಂಗಳಕ್ಕೆ ಪುಕ್ಕಟೆ ಇಳಿಯುತ್ತಿದೆ. ಆದರೆ ತೋಟದ ನಡುವಿನ ಮನೆಗಳಿಗೆ ಸಿಲ್ವರ್ ಓಕ್, ಹಲಸು, ಅತ್ತಿ ಮರಗಳು ಆಕಾಶವನ್ನೇ ಮುಚ್ಚಿರುತ್ತವೆ. ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವುದು, ಆದ ಹೊಸತರಲ್ಲಿ ಸಿಗುವ ಉಪಗ್ರಹಗಳು ಚಿಗುರು ದಟ್ಟವಾಗಿ ಎಲೆಗಳು ನೆನೆದ ಮೇಲೆ ಸಿಗದೆ ಹೋಗಬಹುದು. ತೋಟದ ಮನೆಯಲ್ಲಿ ಮೇಲೆ ತೆರೆದಿರುವ ಜಾಗ ಎಂದರೆ ಕಾಫಿ ಒಣಗಿಸುವ ಕಣ. ಅದರ ಅಂಚಿಗೆ ಒಂದು ಕಂಬ ನೆಟ್ಟು ಆಂಟೆನಾ ಇಡಿ. ಕನೆಕ್ಟರ್‌ಗೆ ನೀರು ಇಳಿಯದಂತೆ ರಬ್ಬರ್ ಟೇಪನ್ನು ಎಳೆದು ಸುತ್ತಿ. ಏಪ್ರಿಲ್, ಮೇ ತಿಂಗಳ ಗುಡುಗು ಕೇಳಿಸಿದೊಡನೆ ಆ ಕೇಬಲ್ ಕಳಚುವ ರೂಢಿ ಇರಲಿ. ಒಳಗಿನ ಓಸಿಎಕ್ಸ್‌ಒ ಅಷ್ಟು ಹೊತ್ತು ತಾನಾಗಿಯೇ ಸಂಭಾಳಿಸುತ್ತದೆ.

ಯಾವುದನ್ನು ಕೊಳ್ಳುವುದು?

ರುಬಿಡಿಯಂ ಬೇಡ ಎನ್ನುವುದು ನನ್ನ ಅಭಿಪ್ರಾಯ. ಅದು ರುಬಿಡಿಯಂ ಪರಮಾಣುವಿನ 6.834 ಗಿಗಾಹರ್ಟ್ಸ್ ಕಂಪನಕ್ಕೆ ಕ್ರಿಸ್ಟಲ್ಲನ್ನು ಕಟ್ಟಿಹಾಕುವ ಅದ್ಭುತ ಯಂತ್ರ. ಆದರೆ ಮಾರುಕಟ್ಟೆಯಲ್ಲಿ ನಮ್ಮ ಕೈಗೆಟಕುವ ಬೆಲೆಗೆ ಬರುವುದು ಟೆಲಿಕಾಂ ಉಪಕರಣಗಳಿಂದ ಕಳಚಿದ ಹಳೆಯ ಮಾಲು. ಅದರ ದೀಪ ಸವೆದಿರುತ್ತದೆ, ಮೈ ಸುಡುತ್ತದೆ, ವಿದ್ಯುತ್ ಹೆಚ್ಚು ಬೇಡುತ್ತದೆ. ತಿಂಗಳುಗಳ ಲೆಕ್ಕದಲ್ಲಿ ಅದೂ ಸರಿಯುವುದರಿಂದ ಕೊನೆಗೆ ಜಿಪಿಎಸ್ ಜೊತೆಗೇ ಹೋಲಿಸಬೇಕು.

ಬರೀ ಜಿಪಿಎಸ್ ಮಾಡ್ಯೂಲ್ ಸಾಲದೇ? ಯು-ಬ್ಲಾಕ್ಸ್ ಮಾಡ್ಯೂಲ್‌ಗಳ ಟೈಮ್‌ಪಲ್ಸ್ ಕಾಲಿನಿಂದ ನೇರವಾಗಿ 10 ಮೆಗಾಹರ್ಟ್ಸ್ ಪಡೆಯಬಹುದು, ನಿಜ. ಆದರೆ ಒಳಗಿನ ಗಡಿಯಾರ 48 ಮೆಗಾಹರ್ಟ್ಸ್‌ನದು. 48ನ್ನು 10ರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ, ಆ ಶೇಷ ಅಲೆಯ ಅಂಚುಗಳ ನಡುಕವಾಗಿ ಹೊರಬರುತ್ತದೆ. 8 ಮೆಗಾಹರ್ಟ್ಸ್ ಕೇಳಿದರೆ ಸಮನಾಗಿ ಭಾಗವಾಗುವುದರಿಂದ ನಡುಕ ಎಷ್ಟೋ ಕಡಿಮೆ. ಫ್ರೀಕ್ವೆನ್ಸಿ ಅಳೆಯುವ ಕೌಂಟರ್ ತಾಳೆ ನೋಡಲು ಇಷ್ಟು ಸಾಕು. ಎಲ್‌ಎನ್‌ಬಿಗೆ ಸಾಲದು. ಹತ್ತು ಮೆಗಾಹರ್ಟ್ಸ್ ಅನ್ನು ಹತ್ತು ಗಿಗಾಹರ್ಟ್ಸ್‌ಗೆ ಏರಿಸಿದಾಗ ಸಾವಿರ ಪಟ್ಟು, ಅಂದರೆ ಗದ್ದಲದ ಲೆಕ್ಕದಲ್ಲಿ 60 ಡೆಸಿಬಲ್ ಏರಿಕೆ. ಇಲ್ಲಿ ಕಾಣದ ನಡುಕ ಅಲ್ಲಿ ಒರಟು ದನಿಯಾಗಿ ಕೇಳಿಸುತ್ತದೆ.

ಹಾಗಾಗಿ ಕೈಯಲ್ಲಿ ಹಣವಿದ್ದರೆ ಒಳಗೆ ಓಸಿಎಕ್ಸ್‌ಒ ಇರುವ ಸಿದ್ಧ ಜಿಪಿಎಸ್‌ಡಿಒ. ಇಲ್ಲವಾದರೆ ಒಂದು ಹಳೆಯ ಓಸಿಎಕ್ಸ್‌ಒ ಮತ್ತು ಒಂದು ಅಗ್ಗದ ಜಿಪಿಎಸ್ ಮಾಡ್ಯೂಲ್. ಎರಡನೆಯ ದಾರಿ ನನಗೆ ಹೆಚ್ಚು ಪ್ರಿಯ, ಏಕೆಂದರೆ ಕಲಿಕೆ ಅದರಲ್ಲಿದೆ.

ಹಳೆಯ ಓಸಿಎಕ್ಸ್‌ಒ ಪರೀಕ್ಷೆ

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲೋ ಆನ್‌ಲೈನ್‌ನಲ್ಲೋ ಕೊಳ್ಳುವಾಗ ಮೊದಲು ವೋಲ್ಟೇಜ್ ಓದಿ. 5 ವೋಲ್ಟ್‌ನದೂ 12 ವೋಲ್ಟ್‌ನದೂ ಹೊರಗಿನಿಂದ ಒಂದೇ ತರಹ ಕಾಣುತ್ತವೆ. ವರ್ಷಗಟ್ಟಲೆ ಟವರ್‌ನಲ್ಲಿ ದುಡಿದ ಕ್ರಿಸ್ಟಲ್ ಎಂದು ಹಿಂಜರಿಯಬೇಡಿ. ಹಳತಾದಷ್ಟೂ ಅದರ ಫ್ರೀಕ್ವೆನ್ಸಿ ಸರಿಯುವುದು ಸಾಮಾನ್ಯವಾಗಿ ನಿಧಾನವಾಗುತ್ತದೆ. ಸರಣಿಯಲ್ಲಿ ಅಮ್ಮೀಟರ್ ಇಟ್ಟು ವಿದ್ಯುತ್ ಕೊಡಿ. ಒಲೆ ತಣ್ಣಗಿರುವಾಗ ಹೆಚ್ಚು ಕರೆಂಟ್ ಎಳೆದು, ಕೆಲವು ನಿಮಿಷಗಳ ನಂತರ ಮುಳ್ಳು ಇಳಿದು ಒಂದೆಡೆ ನಿಲ್ಲಬೇಕು. ಇಳಿಯದೇ ಹೋದರೆ ಅಥವಾ ಮೊದಲಿನಿಂದಲೇ ಮುಳ್ಳು ಏಳದಿದ್ದರೆ ಒಲೆ ಕೆಟ್ಟಿದೆ. ಒಳ್ಳೆಯದಾಗಿದ್ದರೆ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಕೂರಿಸಿ. ಕಿಟಕಿಯ ಗಾಳಿ ನೇರ ಬಡಿಯದಿದ್ದರೆ ಸಾಕು, ಹತ್ತಿ ಥರ್ಮಾಕೋಲ್ ತುರುಕಿದರೆ ಶಾಖ ಹೊರಹೋಗದೆ ಒಲೆಯ ಹಿಡಿತ ತಪ್ಪುತ್ತದೆ. ವಿದ್ಯುತ್ ಕೊಟ್ಟು ಒಂದು ವಾರ ಮುಟ್ಟಬೇಡಿ.

ತಿದ್ದುವುದು

ಅಲೆಗಳನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್‌ನ ಒಂದು ಚಾನೆಲ್‌ಗೆ ಜಿಪಿಎಸ್‌ನ ಸೆಕೆಂಡಿಗೊಂದು ಪಲ್ಸ್ ಕೊಟ್ಟು ಅದರಿಂದಲೇ ಟ್ರಿಗರ್ ಮಾಡಿ. ಇನ್ನೊಂದಕ್ಕೆ ಓಸಿಎಕ್ಸ್‌ಒ. ಸೆಕೆಂಡಿಗೊಮ್ಮೆ ಪರದೆಯ ಮೇಲೆ ಅಲೆ ಮಿನುಗುತ್ತದೆ, ಜಿಪಿಎಸ್ ಪಲ್ಸಿನ ಕೆಲವು ಹತ್ತು ನ್ಯಾನೋಸೆಕೆಂಡ್ ಅಲುಗಾಟಕ್ಕೆ ಅತ್ತಿತ್ತ ಕದಲುತ್ತದೆ. ಆ ಕದಲಿಕೆಯನ್ನು ಮರೆತು, ಅಲೆ ಒಟ್ಟಾರೆ ಎಡಕ್ಕೋ ಬಲಕ್ಕೋ ತೆವಳುವುದನ್ನು ಗಮನಿಸಿ. ಹತ್ತು ಮೆಗಾಹರ್ಟ್ಸ್‌ನ ಒಂದು ಅಲೆಯ ಅಗಲ 100 ನ್ಯಾನೋಸೆಕೆಂಡ್. ಒಂದು ಅಲೆ ಸರಿಯಲು ಹತ್ತು ಸೆಕೆಂಡ್ ಹಿಡಿದರೆ ತಪ್ಪು ಹತ್ತು ಕೋಟಿಗೆ ಒಂದು ಪಾಲು, ನೂರು ಸೆಕೆಂಡ್ ಹಿಡಿದರೆ ನೂರು ಕೋಟಿಗೆ ಒಂದು. ಓಸಿಎಕ್ಸ್‌ಒದ ಫ್ರೀಕ್ವೆನ್ಸಿ ಹೊಂದಿಸುವ ಹತ್ತು ಸುತ್ತಿನ ಟ್ರಿಮ್‌ಪಾಟನ್ನು ಕೂದಲೆಳೆಯಷ್ಟು ತಿರುಗಿಸಿ, ಕಾಯಿರಿ, ಮತ್ತೆ ನೋಡಿ. ನಾನು ಮೊದಲ ಬಾರಿ ಕೂತಾಗ ಅಲೆ ನಾಲ್ಕು ಸೆಕೆಂಡಿಗೊಂದರಂತೆ ಎಡಕ್ಕೆ ಓಡುತ್ತಿತ್ತು. ರಾತ್ರಿ ಊಟದ ಹೊತ್ತಿಗೆ ಅದು ಎರಡು ನಿಮಿಷಕ್ಕೆ ಒಂದು ಅಲೆಯಷ್ಟು ನಿಧಾನವಾಗಿತ್ತು. ಹತ್ತು ಗಿಗಾಹರ್ಟ್ಸ್‌ನಲ್ಲಿ ಆ ತಪ್ಪು ಎಂಟೊಂಬತ್ತು ಹರ್ಟ್ಸ್ ಮಾತ್ರ. ಮನುಷ್ಯರ ಮಾತಿನಲ್ಲಿ ಅದು ಕಿವಿಗೆ ಗೊತ್ತಾಗುವುದೇ ಇಲ್ಲ.

ಆಸಿಲೋಸ್ಕೋಪ್ ಇಲ್ಲದವರಿಗೆ ಶಾರ್ಟ್‌ವೇವ್ ಇದೆ. ಹಿಂದೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಎಟಿಎ ಎಂಬ ಕರೆಸಂಕೇತದಲ್ಲಿ ಪ್ರಮಾಣ ಫ್ರೀಕ್ವೆನ್ಸಿ ಬಿತ್ತರಿಸುತ್ತಿತ್ತು. ಈಗ ಚೀನಾದ ಬಿಪಿಎಂ 5 ಮತ್ತು 10 ಮೆಗಾಹರ್ಟ್ಸ್‌ನಲ್ಲಿ, ರಷ್ಯಾದ ಆರ್‌ಡಬ್ಲ್ಯುಎಂ 9,996 ಕಿಲೋಹರ್ಟ್ಸ್‌ನಲ್ಲಿ ನೆರವಿಗೆ ಬರುತ್ತವೆ. ಅಯಾನುಗೋಳದ ಚಲನೆಯಿಂದ ಬರುವ ಸಂಕೇತವೇ ಒಂದು ಹರ್ಟ್ಸ್‌ನಷ್ಟು ಅತ್ತಿತ್ತ ಆಗಬಹುದು, ಹಾಗಾಗಿ ಟಿಸಿಎಕ್ಸ್‌ಒ ತಿದ್ದಲು ಇದು ಸರಿ, ಓಸಿಎಕ್ಸ್‌ಒಗೆ ಅಲ್ಲ.

ಕೊನೆಯ ಜೋಡಣೆ ಎಲ್‌ಎನ್‌ಬಿಯದು. ಅದರ 25 ಮೆಗಾಹರ್ಟ್ಸ್ ಕ್ರಿಸ್ಟಲ್ಲನ್ನು ಬಿಚ್ಚಿ, ನಿಮ್ಮ 10 ಮೆಗಾಹರ್ಟ್ಸ್‌ಗೆ ಬೀಗ ಹಾಕಿದ ಪಿಎಲ್‌ಎಲ್‌ನಿಂದ (ಒಂದು ಫ್ರೀಕ್ವೆನ್ಸಿಯಿಂದ ಇನ್ನೊಂದನ್ನು ಅಷ್ಟೇ ನಿಖರವಾಗಿ ಹುಟ್ಟಿಸುವ ಮಂಡಲ) 25 ಮೆಗಾಹರ್ಟ್ಸ್ ಕೊಡಬೇಕು. ಎಲ್‌ಎನ್‌ಬಿ ಅದನ್ನು 390 ಪಟ್ಟು ಮಾಡಿ 9,750 ಆಗಿಸಿ, ಬರುವ ಸಂಕೇತದಿಂದ ಕಳೆಯುತ್ತದೆ. ಉಪಗ್ರಹದ ನಡುವಿನ ಬೀಕನ್ ಆಗ ನಿಮ್ಮ ರಿಸೀವರ್‌ನಲ್ಲಿ ಸರಿಯಾಗಿ 739.750 ಮೆಗಾಹರ್ಟ್ಸ್‌ಗೆ ಬಂದು ಕೂರುತ್ತದೆ. ಬೆಳಿಗ್ಗೆ ಮಂಜಿನಲ್ಲಿ ಒಮ್ಮೆ, ಮಧ್ಯಾಹ್ನ ಬಿಸಿಲಲ್ಲಿ ಇನ್ನೊಮ್ಮೆ ಡಯಲ್ ನೋಡಿ. ಎರಡೂ ಸಲ ಅದು ಅಲ್ಲೇ ಇರಬೇಕು.